ವಿದ್ಯಾವತಿ ಕತ್ತರಿಸಿದ ಬಂದ್‌ಗಲಾ

ನಾಸಿಕ್ ರೋಡಿನ ಕಟ್ಟಡ ಕೆಲಸಕ್ಕೆ ಹೋಗುವಾಗ ಮಲಕವ್ವ ಸೀರೆಯ ಮೇಲೆ ಗಂಡನ ಹಳೇ ಅಂಗಿ ತೊಡುತ್ತಿದ್ದಳು. ಹೆಗಲು ಜಾರಿ, ತೋಳು ಅಂಗೈ ಮುಚ್ಚಿ, ಬುಟ್ಟಿ ಎತ್ತಲು ತೊಡಕಾಗುತ್ತಿತ್ತು. ಶಾಲೆಗೆ ಹೋಗುತ್ತಿದ್ದ ಮಗಳು ವಿದ್ಯಾವತಿ ಅದರ ಹೊಲಿಗೆ ಬಿಚ್ಚಿ ಅವ್ವನ ಮೈಗೆ ತಕ್ಕಂತೆ ಹೊಲಿದು ಕೊಟ್ಟಳು. ಸ್ವಲ್ಪ ದಿನಕ್ಕೆ ಅವ್ವನ ಜೊತೆಗಾತಿಯರೂ ತಮ್ಮ ಗಂಡಂದಿರ ಅಂಗಿ ಹಿಡಿದು ಬಂದರು.

ಶಾಲೆ ಮುಗಿದ ಮೇಲೆ ಅವಳು ಹತ್ತಿರದ ದೇವಳಾಲಿ ಸೇನಾ ಕ್ಯಾಂಪಿನ ಬಿಂದುಮಾಧವ ಮಾಸ್ತರರ ಅಂಗಡಿ ಸೇರಿದಳು. ವಿಜಯಪುರದ ಕಡೆಯ ಆ ಹಿರಿಯರು ಫೌಜಿ ಅಧಿಕಾರಿಗಳಿಗೆ ಕೋಟು ಹೊಲಿದು ಹೆಸರಾದವರು. ಕೋಟಿನ ಎದೆಯೊಳಗೆ ಬಿಗಿ ಕೊಡುವ ಕ್ಯಾನ್ವಾಸು ಬಟ್ಟೆಯನ್ನು ಅಂಟಿಸದೆ ಕೈಯಿಂದಲೇ ಹೊಲಿಯುವ ಹಳೇ ಪದ್ಧತಿ ಅವರದು. ವಿದ್ಯಾವತಿ ಪಟ್ಟು ಹಿಡಿದು ಕಲಿತಳು. ಆದರೆ ಹೆಂಗಸರು ಬಂದು ಕೋಟು ಕೇಳಿದರೆ ಮಾತ್ರ ಮಾಸ್ತರರು ಬೇರೆ ಅಂಗಡಿ ತೋರಿಸಿ ಕಳಿಸಿಬಿಡುತ್ತಿದ್ದರು.

ಒಂದು ದಿನ ಛತ್ರಪತಿ ಸಂಭಾಜಿನಗರದ ವಕೀಲೆ ಮೃಣಾಲಿನಿ ಬಂದಳು. ಕೈಯಲ್ಲಿ ಅವಳ ಊರಿನ ಮಗ್ಗದಲ್ಲಿ ನೇಯ್ದ, ಬಳ್ಳಿ ಹೂವಿನ ಹಿಮ್ರೂ ಬಟ್ಟೆ.

"ಅಣ್ಣಂದಿರು ಮದುವೆಗಳಲ್ಲಿ ಇದರ ಬಂದ್‌ಗಲಾ ಕೋಟು ಹಾಕಿ, ಕೊರಳವರೆಗೆ ಗುಂಡಿ ಬಿಗಿದು ಮೆರೆಯುತ್ತಾರೆ. ನನಗೂ ಒಂದು ಬೇಕು" ಎಂದಳು ಹಿಂದಿಯಲ್ಲಿ.

ಮಾಸ್ತರರು ಬಾಯಿ ತೆರೆಯುವ ಮೊದಲೇ ವಿದ್ಯಾವತಿ ಹೇಳಿದಳು: "ನಾ ಹೊಲಿತೀನ್ರಿ."

"ಕೆಟ್ಟರ ಏನ್ ಮಾಡ್ತಿ?"

"ಜವಾಬ್ದಾರಿ ನಂದರಿ, ಮಾಸ್ತರ್ರ."

ಕೆಟ್ಟೇ ಹೋಯಿತು. ಗಂಡಸರ ಕೋಟಿನ ಅಳತೆಯನ್ನೇ ಸಣ್ಣದು ಮಾಡಿ ಕತ್ತರಿಸಿದ್ದಳು. ಟ್ರಯಲ್ ದಿನ ಎದೆಯ ಮೇಲೆ ಗುಂಡಿ ಜಗ್ಗಿತು, ನಡುವಿನಲ್ಲಿ ಚೀಲದಂತೆ ಜೋತುಬಿತ್ತು, ತೋಳು ಮೇಲೇಳಲೇ ಇಲ್ಲ. ಮೃಣಾಲಿನಿ ಕೋಟು ಬಿಚ್ಚಿಟ್ಟು ಹೊರಟಳು.

"ಗಂಡಸರ ಕೋಟು ಗಂಡಸರಿಗೇ ಚಂದ, ಬಿಡವಾ" ಎಂದರು ಮಾಸ್ತರರು.

ವಿದ್ಯಾವತಿಗೆ ಅಳು ಬಂತು, ಬಿಡುವ ಮನಸ್ಸು ಬರಲಿಲ್ಲ. ಮರುದಿನವೇ ಬಸ್ಸು ಹಿಡಿದು ಸಂಭಾಜಿನಗರಕ್ಕೆ ಹೋದಳು. ಅಲ್ಲಿನ ಹಿಮ್ರೂ ನೇಕಾರನಿಗೆ ತನ್ನ ದುಡ್ಡು ಕೊಟ್ಟು ಅಂಥದೇ ಬಟ್ಟೆ ನೇಯಲು ಹೇಳಿ, ಅಲ್ಲಿಂದ ಮೃಣಾಲಿನಿಯ ಮನೆ ಬಾಗಿಲು ತಟ್ಟಿದಳು.

"ತಪ್ಪಾಯಿತು. ಇನ್ನೊಮ್ಮೆ ಅಳತೆ ಕೊಡಿ."

ಮೃಣಾಲಿನಿ ಅವಳನ್ನು ದಿಟ್ಟಿಸಿ ನೋಡಿ ಒಳಗೆ ಕರೆದಳು. "ನಾನು ಗಂಡಸಿನಂತೆ ಕಾಣಬೇಕಿಲ್ಲ. ಕೈಯೆತ್ತಿ ವಾದ ಮಾಡುವಂತಿರಬೇಕು, ಅಷ್ಟೇ."

ಮಗ್ಗದಲ್ಲಿ ಬಟ್ಟೆ ತಯಾರಾಗುವವರೆಗೆ ವಿದ್ಯಾವತಿ ಅಗ್ಗದ ಮಾದರಪಾಟು ಬಟ್ಟೆಯಲ್ಲಿ ಕೋಟು ಕತ್ತರಿಸುತ್ತ, ಅವ್ವನಿಗೂ ಓಣಿಯ ಹೆಂಗಸರಿಗೂ ತೊಡಿಸಿ ನೋಡುತ್ತ ಹೋದಳು. ಕೊನೆಗೆ ತೋಳು ಎತ್ತಲು ಬರುವಂತೆ ಕಂಕುಳ ಕೆಳಗಿನ ಹೊಲಿಗೆ ಮೇಲೇರಿಸಿದಳು. ಎದೆಗೆ ಆಕಾರ ಕೊಡುವ ಟಕ್ಸಿನ ಮಡಿಕೆಯನ್ನು ಹೂಬಳ್ಳಿ ತುಂಡಾಗದಂತೆ ಪಕ್ಕದ ಹೊಲಿಗೆಯಲ್ಲಿ ಅಡಗಿಸಿದಳು. ಕಾಲರು, ಕ್ಯಾನ್ವಾಸು, ಒಳಜೇಬು ಮಾಸ್ತರರು ಕಲಿಸಿದಂತೆಯೇ ಉಳಿದವು.

ಹಿಮ್ರೂ ಕೋಟು ಮುಗಿಯುತ್ತ ಬಂದಾಗ ಮಾಸ್ತರರು ಎದ್ದು ಬಂದು ಹೆಗಲ ಮೇಲೆ ಬೆರಳಾಡಿಸಿದರು. "ಗುಂಡಿ ಕಾಜಾ ನಾ ಹಾಕ್ತೀನಿ, ತಾ ಇಲ್ಲಿ" ಎಂದು ಕನ್ನಡಕ ಏರಿಸಿಕೊಂಡರು.

ಆ ಕೋಟು ತೊಟ್ಟ ಮೃಣಾಲಿನಿ ಕನ್ನಡಿಯ ಮುಂದೆ ಎರಡೂ ಕೈ ಮೇಲೆತ್ತಿದಳು. ಆಮೇಲೆ ಒಳಜೇಬಿನಲ್ಲಿ ಕೈಯಿಟ್ಟು ನಕ್ಕುಬಿಟ್ಟಳು.

ಈಗ ವಿದ್ಯಾವತಿ ಆಗಾಗ ಸಂಭಾಜಿನಗರಕ್ಕೆ ಹೋಗಿ ಬರುತ್ತಾಳೆ. ಮೃಣಾಲಿನಿಯ ಕೋಟು ನೋಡಿದ ಹೆಂಗಸರು ಅಳತೆ ಕೊಡಲು ಅಲ್ಲಿ ಕಾದಿರುತ್ತಾರೆ.