ಮಗಳ ಹಲಗೆಗೆ ಒಂದು ಬೆಟ್ಟ

ಹೋದ ವಾರ ಶನಿವಾರ ಮಧ್ಯಾಹ್ನ, ಶಿಕಾಗೋ ಪಕ್ಕದ ಡೌನರ್ಸ್ ಗ್ರೋವ್‌ನ ನಮ್ಮ ಬೀದಿಯಲ್ಲಿ ನಡೆದು ಬರುತ್ತಿದ್ದೆ. ಯಾರದೋ ತೆರೆದ ಗರಾಜಿನಿಂದ ಮೇಣದ ವಾಸನೆ ಬಂತು. ದೀಪದ ಮೇಣದ್ದಲ್ಲ... ಇಸ್ತ್ರಿ ಪೆಟ್ಟಿಗೆಯ ಬಿಸಿಗೆ ಕರಗಿ, ತುಸು ಸೀದು, ಚಳಿಗಾಳಿಯಲ್ಲಿ ಅಲ್ಲೇ ನಿಂತುಬಿಡುವ ವಾಸನೆ. ಒಳಗೆ ಒಬ್ಬ ಹೆಂಗಸು ಹಿಮದ ಮೇಲೆ ಜಾರುವ ಸ್ಕೀ ಪಟ್ಟಿಗಳನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ ತಳಕ್ಕೆ ಮೇಣ ಬಳಿಯುತ್ತಿದ್ದಳು. ಗುರುತಿಲ್ಲದವರ ಮನೆ ಮುಂದೆ ಬೆಪ್ಪಾಗಿ ನಿಂತಿದ್ದ ನನ್ನನ್ನು ನೋಡಿ, ಏನಾದರೂ ಬೇಕಿತ್ತೇ ಎಂದು ಕೇಳಿದಳು. ಏನಿಲ್ಲ, ನಿಮ್ಮ ಗರಾಜು ನಮ್ಮ ಅಂಕಲ್ ಮನೆಯ ಹಾಗಿದೆ ಎಂದೆ. ಅವಳಿಗೆ ಏನು ಅರ್ಥವಾಯಿತೋ, ನಕ್ಕಳು.

ಆ ಅಂಕಲ್ ನನಗೆ ರಕ್ತಸಂಬಂಧಿಯಲ್ಲ. ನಾನು ಮೈಸೂರಿನವಳು, ಅವರು ಹುಬ್ಬಳ್ಳಿಯ ಮುಸಲ್ಮಾನರು. ಡೆಟ್ರಾಯಿಟ್ ಪಕ್ಕದ ವಾರೆನ್‌ನಲ್ಲಿ ನಮ್ಮಿಬ್ಬರ ಮನೆಗಳ ನಡುವೆ ಒಂದು ಡ್ರೈವ್‌ವೇ ಅಷ್ಟೇ ಇತ್ತು. ಇಬ್ಬರೂ ಒಂದೇ ಕಾರು ಕಂಪನಿಯಲ್ಲಿದ್ದೆವು. ನಾನು ಸೀಟುಗಳ ವಿಭಾಗ, ಅವರು ಬ್ರೇಕಿನ ವಿಭಾಗದ ಹಿರಿಯ ಎಂಜಿನಿಯರ್. "ನೀವು ಮಂದೀನ ಕೂಡ್ರಸ್ತೀರಿ, ನಾವು ನಿಲ್ಲಸ್ತೀವಿ" ಎನ್ನುತ್ತಿದ್ದರು. ಯಾರ ಕಾರು ಅವರ ಮನೆ ಮುಂದೆ ನಿಂತರೂ ಸದ್ದು ಕೇಳಿಯೇ, ಹಿಂದಿನ ಎಡಗಡೆ ಬ್ರೇಕ್ ಪ್ಯಾಡ್ ಸವೆದಿದೆ ನೋಡು ಎಂದುಬಿಡುತ್ತಿದ್ದರು. ಅತಿಥಿಗಳು ಚಹಾ ಕುಡಿಯುವ ಮೊದಲೇ ತಮ್ಮ ಕಾರಿನ ಆಯುಷ್ಯ ತಿಳಿದುಕೊಳ್ಳಬೇಕಾಗುತ್ತಿತ್ತು.

ನಮ್ಮವರು ಹೊಸದಾಗಿ ಮಿಶಿಗನ್‌ಗೆ ಬಂದರೆ ಉಳಿದವರು ಅವರನ್ನು ದೇವಸ್ಥಾನಕ್ಕೋ ಇಂಡಿಯನ್ ಅಂಗಡಿಗೋ ಕರೆದುಕೊಂಡು ಹೋಗುತ್ತಾರೆ. ಅಂಕಲ್ ಸ್ಕೀ ಮಾಡಲು ಕರೆದೊಯ್ಯುತ್ತಿದ್ದರು. ಚಳಿಯನ್ನು ಬೈಯುತ್ತಾ ಮನೆಯೊಳಗೆ ಕೂತರೆ ಚಳಿಯೇ ಗೆಲ್ಲುತ್ತದೆ ಎನ್ನುವುದು ಅವರ ವಾದ. ಅವರ ಹೆಂಡತಿ, ನನ್ನ ಪಾಲಿನ ಆಂಟಿಗೆ ಅದು ಒಂದಿಷ್ಟೂ ಒಪ್ಪಿಗೆಯಿರಲಿಲ್ಲ. "ಬೆಚ್ಚನ್ನ ಮನಿ ಬಿಟ್ಟು ಬೀಳಾಕ ಹೋಗೂ ಹುಚ್ಚರು ನೀವು" ಎಂದು ಬೈಯುತ್ತಲೇ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಕಟ್ಟಿ ನನ್ನ ಬೆನ್ನಿಗೆ ಏರಿಸುತ್ತಿದ್ದರು. ನಾನು ದಿನವಿಡೀ ಬಿದ್ದು ಎದ್ದು ಚೀಲ ಬಿಚ್ಚುವ ಹೊತ್ತಿಗೆ ರೊಟ್ಟಿ ಪುಡಿಯಾಗಿರುತ್ತಿತ್ತು. ಚಟ್ನಿಯೊಳಗೆ ಕಲಸಿ ಚಮಚದಲ್ಲಿ ತಿನ್ನುತ್ತಿದ್ದೆವು.

ಮೊದಲ ದಿನವೇ ನಾನು ಅವರಿಗೆ ಬೇಸರ ಮಾಡಿದೆ. ಬಾಡಿಗೆ ಅಂಗಡಿಯಲ್ಲಿ ಸ್ಕೀ ಬೂಟಿನೊಳಗೆ ಕಾಲಿಟ್ಟೆ. ಸಿಮೆಂಟಿನಲ್ಲಿ ಹೂತ ಹಾಗಾಯಿತು. ಪಕ್ಕದಲ್ಲಿದ್ದ ಸ್ನೋಬೋರ್ಡಿನ, ಅಂದರೆ ಎರಡೂ ಕಾಲಿಗೆ ಒಂದೇ ಹಲಗೆ ಕಟ್ಟಿಕೊಂಡು ಜಾರುವವರ, ಬೂಟು ಮೆತ್ತಗಿತ್ತು. ಕಾಲಿಗೆ ಹಿತವಾಗಿದ್ದನ್ನೇ ಆರಿಸಿಕೊಂಡೆ, ಅಷ್ಟೇ. ಅಂಕಲ್ ಮುಖ ಮಾತ್ರ ಸಣ್ಣದಾಯಿತು.

"ನೀನೂ ಹಲಗೀನs ಹಿಡದ್ಯಾ?" ಎಂದರು.

ಆ "ನೀನೂ" ಯಾಕೆ ಬಂತೆಂದು ಮನೆಗೆ ಮರಳಿದ ಮೇಲೆ ಆಂಟಿ ಹೇಳಿದರು. ಅವರಿಗೆ ಒಬ್ಬಳೇ ಮಗಳು, ಆಗ ಶಿಕಾಗೋದಲ್ಲಿ ಕೆಲಸದಲ್ಲಿದ್ದಳು. ಚಿಕ್ಕವಳಿದ್ದಾಗ ಅಪ್ಪನ ಎರಡು ಕಾಲುಗಳ ನಡುವೆ ನಿಂತು ಸ್ಕೀ ಕಲಿತಿದ್ದಳಂತೆ. ಹೈಸ್ಕೂಲಿಗೆ ಬಂದ ಮೇಲೆ ಗೆಳತಿಯರ ಜೊತೆ ಸ್ನೋಬೋರ್ಡ್ ಹಿಡಿದಳು. ಅಂಕಲ್ ತಮಗೆ ಪ್ರಿಯವಾದ ಬೆಟ್ಟಗಳಿಗೇ ಅವಳನ್ನು ಕರೆದುಕೊಂಡು ಹೋಗುತ್ತಿದ್ದರು, ತಾವು ಮುಂದೆ ಇಳಿದು ಕೆಳಗೆ ಕಾಯುತ್ತಿದ್ದರು. ಅವಳು ತಡವಾಗಿ, ಬೆವರುತ್ತಾ, ಹಲಗೆಯನ್ನು ಕಂಕುಳಲ್ಲಿ ಇರುಕಿಕೊಂಡು ನಡೆದು ಬರುತ್ತಿದ್ದಳು. ದಾರಿ ಸರಿ ಇಲ್ಲ ಎಂದರೆ ಅಪ್ಪನಿಂದ ಸಿಗುತ್ತಿದ್ದ ಉತ್ತರ ಒಂದೇ: "ಕುಣೀಲಾರದಾಕಿ ನೆಲಾ ಡೊಂಕ ಅಂದಳಂತ." ಕಡೆಗೆ, ಅಪ್ಪನನ್ನು ಅಬ್ಬಾ ಎಂದು ಕರೆಯುತ್ತಿದ್ದ ಅವಳು, "ಅಬ್ಬಾ, ಯು ಗೋ ಅಹೆಡ್" ಎನ್ನಲು ಶುರುಮಾಡಿದಳು.

ಅದೂ ಹೇಗೋ ಸರಿಹೋಗುತ್ತಿತ್ತೇನೋ... ಅವಳು ಹೈಸ್ಕೂಲು ಮುಗಿಸಿದ ವರ್ಷ ಅಂಕಲ್ ಅವಳಿಗೆ ಹೇಳದೆ ಪಶ್ಚಿಮದ ದೊಡ್ಡ ಬೆಟ್ಟವೊಂದಕ್ಕೆ ಪ್ರವಾಸ ಬುಕ್ ಮಾಡಿದರು. ವಿಮಾನ ಹತ್ತಿ, ಕಾರು ಬಾಡಿಗೆ ಹಿಡಿದು, ಬೆಟ್ಟದ ಬುಡಕ್ಕೆ ಹೋಗಿ ನಿಂತರೆ ಅಲ್ಲೊಂದು ಫಲಕ: ಇಲ್ಲಿ ಸ್ನೋಬೋರ್ಡಿಗೆ ಪ್ರವೇಶವಿಲ್ಲ. ಸ್ಕೀ ಮಾಡುವವರಿಗೆ ಮಾತ್ರ ಮೀಸಲಾದ ಬೆಟ್ಟಗಳು ಈ ದೇಶದಲ್ಲಿ ಕೆಲವೇ ಕೆಲವು ಇವೆಯಂತೆ. ಹುಡುಕಿ ಹುಡುಕಿ ಅದರಲ್ಲೊಂದನ್ನು ಹಿಡಿದಿದ್ದರು.

"ರೂಮಿನ್ಯಾಗ ಒಲಿ ಐತೇನು ಅಂತ ಕೇಳಿದ್ರು, ಹಲಾಲ್ ಊಟಾ ಎಷ್ಟ ಮೈಲಿ ಅಂತ ಕೇಳಿದ್ರು, ಮಸೀದಿ ಎಲ್ಲೈತಿ ಅಂತ ಕೇಳಿದ್ರು" ಎಂದು ಆಂಟಿ ಹಣೆ ಚಚ್ಚಿಕೊಂಡರು. "ಹಲಗೀನ ಒಳಗ ಬಿಡ್ತೀರೇನು ಅಂತ ಅದೊಂದ ಕೇಳಲಿಲ್ಲ ನೋಡವಾ."

ನಮ್ಮವರ ಪ್ರವಾಸಗಳೇ ಹಾಗೆ. ಅಡುಗೆಗೆ ಅನುಕೂಲವಿದ್ದರೆ ಎಲ್ಲ ಇದ್ದ ಹಾಗೆ. ಮಗಳು ಅಷ್ಟೂ ದಿನ ಕಿಟಕಿ ಪಕ್ಕ ಕುಳಿತು ಕಳೆದಳಂತೆ. ನಾನೇನು ಮಾಡುತ್ತೇನೆ ಎಂದು ನಿನಗೆ ಗೊತ್ತೇ ಇಲ್ಲ ಎಂದು ಅಪ್ಪನಿಗೆ ಒಂದೇ ಮಾತು ಅಂದಳಂತೆ. ಆಮೇಲೆ ವರ್ಷದ ಕೊನೆಗೆ ಮನೆಗೆ ಬರುತ್ತಿದ್ದಳು, ಉಣ್ಣುತ್ತಿದ್ದಳು, ನಗುತ್ತಿದ್ದಳು, ಬೆಟ್ಟಕ್ಕೆ ಕರೆದರೆ ಮಾತ್ರ "ಐ ಆಮ್ ಗುಡ್, ಅಬ್ಬಾ" ಎನ್ನುತ್ತಿದ್ದಳು. ಆ ಉತ್ತರ ಕೇಳಿದ ಸಂಜೆ ಅಂಕಲ್ ಗರಾಜಿಗೆ ಹೋಗಿ, ಆಗಲೇ ಮೇಣ ಹಚ್ಚಿದ್ದ ಸ್ಕೀಗಳಿಗೆ ಮತ್ತೆ ಮೇಣ ಹಚ್ಚುತ್ತಿದ್ದರು.

ನನ್ನ ಜೊತೆ ಬಂದಾಗ ಅವರು ಮುಂದೆ ಹೋಗುವಂತಿರಲಿಲ್ಲ. ನಾನು ಹೊಸಬಳು, ಬಿದ್ದರೆ ಎತ್ತಲು ಹಿಂದೆಯೇ ಇರಬೇಕು. ಹಾಗಾಗಿ, ಹಲಗೆ ಕಟ್ಟಿಕೊಂಡವರ ಪಾಡನ್ನು ಅವರು ಮೊದಲ ಸಲ ಹಿಂದಿನಿಂದ ನೋಡಿದರು. ಎರಡು ಇಳಿಜಾರುಗಳ ನಡುವೆ ಒಂದು ಉದ್ದನೆಯ ಸಪಾಟು ದಾರಿ ಬಂತು. ಸ್ಕೀ ಮಾಡುವವರಿಗೆ ಅದು ಲೆಕ್ಕಕ್ಕೇ ಇಲ್ಲ. ಕೈಯಲ್ಲಿ ಎರಡು ಕೋಲು, ಕಾಲು ಬೇರೆ ಬೇರೆ, ಊರಿ ತಳ್ಳಿಕೊಂಡು ಹೋಗುತ್ತಾರೆ. ನನ್ನ ಎರಡೂ ಕಾಲು ಒಂದೇ ಹಲಗೆಗೆ ಬಿಗಿದಿದ್ದವು. ವೇಗ ಸತ್ತಿತು, ನಿಂತೆ, ಕುಳಿತೆ, ಒಂದು ಕಾಲು ಬಿಚ್ಚಿದೆ, ಕುಂಟುತ್ತಾ ಹಲಗೆಯನ್ನು ತಳ್ಳಿದೆ. ಮುಂದೆ ಇಳಿಜಾರು ಬಂದಾಗ ಮತ್ತೆ ಕುಳಿತು ಕಟ್ಟಿಕೊಂಡೆ. ಮತ್ತೆ ಸಪಾಟು.

"ಅಂಕಲ್, ನೀವು ಹೋಗಿರಿ, ನಾನು ನಿಧಾನಕ್ಕೆ ಬರ್ತೀನಿ" ಎಂದೆ.

ಅವರು ಹೋಗಲಿಲ್ಲ. ಕೋಲಿನ ಮೇಲೆ ಭಾರ ಹಾಕಿ ನಿಂತು ನನ್ನನ್ನೇ ನೋಡುತ್ತಿದ್ದರು. ಮುಂದಿನ ವಾರ ಬಾಡಿಗೆ ಅಂಗಡಿಯಲ್ಲಿ ತಮಗೂ ಒಂದು ಸ್ನೋಬೋರ್ಡ್ ಕೇಳಿದರು.

ಅರವತ್ತರ ಹತ್ತಿರದ ಮನುಷ್ಯ, ನೆರೆತ ಗಡ್ಡ, ಹುಬ್ಬಳ್ಳಿಯ ಗತ್ತು... ಆವತ್ತು ಅವರು ಬಿದ್ದಷ್ಟು ನಾನು ಬಿದ್ದಿಲ್ಲ. ಮೇಲಕ್ಕೆ ಎಳೆದೊಯ್ಯುವ ಕೊಕ್ಕೆಯ ಲಿಫ್ಟು ಸ್ಕೀ ಮಾಡುವವರನ್ನು ನೇರ ನಿಲ್ಲಿಸಿ ಎಳೆಯುತ್ತದೆ, ಹಲಗೆಯವರು ಅಡ್ಡ ನಿಂತಿರುವುದರಿಂದ ತಿರುಚಿ ಬೀಳಿಸುತ್ತದೆ. ಅದು ಅವರನ್ನು ಅರ್ಧ ದಾರಿಯಲ್ಲೇ ಉರುಳಿಸಿತು. ಪುಟ್ಟ ಮಕ್ಕಳು ಪಕ್ಕದಲ್ಲಿ ಸುಂಯ್ ಎಂದು ಇಳಿಯುತ್ತಾ "ಆರ್ ಯು ಓಕೆ, ಸರ್?" ಎಂದು ಕೇಳುತ್ತಿದ್ದರು. ಆ ಸಪಾಟಿಗೆ ಬಂದಾಗ ಅಂಕಲ್ ಸಿಕ್ಕಿಕೊಂಡು ಧೊಪ್ಪನೆ ಕುಳಿತರು. ಟೋಪಿ ತೆಗೆದು ಮಂಡಿಯ ಮೇಲಿಟ್ಟರು. ತಲೆಯಿಂದ ಆವಿ ಏಳುತ್ತಿತ್ತು.

"ತಂಗಿ, ನೆಲಾನs ಡೊಂಕೈತಿ" ಎಂದರು. ಟೋಪಿಯ ಹಿಮ ಕೊಡವುತ್ತಾ, "ಆಕಿ ಖರೇನs ಹೇಳ್ತಿದ್ಲು" ಎಂದರು.

ಅಲ್ಲಿಂದ ಶುರುವಾಯಿತು, ಮಗಳ ಹಲಗೆಗೂ ಒಪ್ಪುವ ಬೆಟ್ಟ ನೋಡುವ ನಮ್ಮ ಶಾಸ್ತ್ರ. ಶಾಸ್ತ್ರ ಎಂದು ಸುಮ್ಮನೆ ಅನ್ನುತ್ತಿಲ್ಲ. ಮಗಳಿಗೆ ವರ ನೋಡಲು ಹೋಗುವ ಹಾಗೇ ಹೋಗುತ್ತಿದ್ದರು. ಸ್ಕೀ ಮೇಲೆ ಅವರು, ಹಲಗೆಯ ಮೇಲೆ ನಾನು. ಮಿಶಿಗನ್ನಿನ ಉತ್ತರಕ್ಕೆ, ವಿಸ್ಕಾನ್ಸಿನ್‌ಗೆ, ಎಲ್ಲಿ ಚೂರು ಏರು ಕಂಡರೆ ಅಲ್ಲಿಗೆ. ಲಿಫ್ಟು ನಡೆಸುವವರನ್ನು ಮಾತಿಗೆಳೆದು ಬೆಟ್ಟದ ಮನೆತನ ವಿಚಾರಿಸುತ್ತಿದ್ದರು. ಕುರ್ಚಿ ಲಿಫ್ಟೋ, ಕೊಕ್ಕೆಯದೋ? ಮೇಲೆ ಹಲಗೆ ಕಟ್ಟಿಕೊಳ್ಳಲು ಕೂರುವ ಬೆಂಚು ಇದೆಯೋ, ಹಿಮದಲ್ಲೇ ಕೂರಬೇಕೋ? ದಾರಿ ಒಂದೇ ಪಕ್ಕಕ್ಕೆ ಓರೆಯಾಗಿದೆಯೋ? ಹಾಗಿದ್ದರೆ ಹಲಗೆಯವರು ಉದ್ದಕ್ಕೂ ಹಿಮ್ಮಡಿಯ ಮೇಲೇ ನಿಂತು ಕಾಲು ನೋಯಿಸಿಕೊಳ್ಳಬೇಕು. ಹಿಮದ ಗುಪ್ಪೆಗಳು ಎಷ್ಟಿವೆ? ಗುಪ್ಪೆಯಿಂದ ಗುಪ್ಪೆಗೆ ಮಂಡಿ ಬಗ್ಗಿಸಿ ಕುಣಿಯುವುದು ಅಂಕಲ್‌ಗೆ ಪಂಚಪ್ರಾಣ, ನನಗೆ ಸೊಂಟದ ಶಿಕ್ಷೆ. ನನಗೆ ಬೇಕಾದದ್ದು ಅಗಲವಾದ ಮೆತ್ತನೆಯ ಇಳಿಜಾರು, ಆಚೆ ಈಚೆ ಗೋಡೆ ಹತ್ತಿ ಇಳಿಯಬಹುದಾದ ಕೊರಕಲು. ಮಗಳಿಗೆ ಇವುಗಳ ಜೊತೆಗೆ ಜಿಗಿಯಲು ದಿಬ್ಬಗಳೂ ಬೇಕೆಂದು ಆಂಟಿಯ ಮೂಲಕ ಸುದ್ದಿ ತರಿಸಿಕೊಂಡಿದ್ದರು.

ಬೆಟ್ಟದ ಮೇಲೆ ಎಲ್ಲವನ್ನೂ ಹೊಗಳಿ, ಕಾರು ಹತ್ತಿದ ಮೇಲೆ ತಿರಸ್ಕರಿಸುತ್ತಿದ್ದರು. "ಮನಿತನಾ ಚೊಲೋ ಐತಿ, ಆದ್ರ ಲಿಫ್ಟ್ ಹಳೇದು." "ನೋಡಾಕ ಭಾರಿ ಛಂದ ಐತಿ, ಆದ್ರ ಬರೇ ನನಗ ಛಂದ. ಆಕೀಗೆ ಏನೂ ಇಲ್ಲ." ನಾನು ಸುಸ್ತಾಗಿ, ಅಂಕಲ್, ಇಷ್ಟು ಜಾತಕ ನೋಡಿದರೆ ಯಾವ ಬೆಟ್ಟಕ್ಕೂ ಮದುವೆಯಾಗಲ್ಲ ಎಂದರೆ, ಗಡ್ಡ ಅಲುಗುವ ಹಾಗೆ ನಗುತ್ತಿದ್ದರು. ಒಮ್ಮೆ ತಪ್ಪಾಗಿದೆ, ಎರಡನೆಯ ಸಲ ಆಗಬಾರದು ಎನ್ನುವುದನ್ನು ಬಾಯಿಬಿಟ್ಟು ಹೇಳಲಿಲ್ಲ. ಅವಳು ಇನ್ನೊಂದು ಸಲ "ಐ ಆಮ್ ಗುಡ್" ಎಂದರೆ ಮತ್ತೆ ಕೇಳುವ ಧೈರ್ಯ ಅವರಿಗಿರಲಿಲ್ಲ. ಅದು ನನಗೆ ಗೊತ್ತಿತ್ತು.

ಎರಡನೆಯ ಚಳಿಗಾಲದಲ್ಲಿ ಸಿಕ್ಕಿತು. ಉತ್ತರ ಮಿಶಿಗನ್ನಿನ ಒಂದು ಸಾಧಾರಣ ಬೆಟ್ಟ, ಪಶ್ಚಿಮದವರು ನೋಡಿದರೆ ದಿಣ್ಣೆ ಎಂದಾರು. ಕುರ್ಚಿ ಲಿಫ್ಟು, ಮೇಲೆ ಬೆಂಚು, ಒಂದು ಕಡೆ ಗುಪ್ಪೆಗಳು, ಇನ್ನೊಂದು ಕಡೆ ದಿಬ್ಬ ಮತ್ತು ಕೊರಕಲು, ಕೆಳಗೆ ಎರಡೂ ಒಂದೇ ದಾರಿಗೆ ಸೇರುತ್ತಿದ್ದವು. ಒಂದೇ ಕೊರತೆ: ಸೇರಿದ ಮೇಲೆ ಲಿಫ್ಟಿನವರೆಗೆ ಒಂದು ತುಂಡು ಸಪಾಟು. ನಾನು ಅಲ್ಲಿ ಸಿಕ್ಕಿಕೊಂಡೆ. ಅಂಕಲ್ ತಮ್ಮ ಕೋಲನ್ನು ಹಿಂದಕ್ಕೆ ಚಾಚಿದರು. ನಾನು ಅದರ ತುದಿ ಹಿಡಿದೆ. ಅವರು ಎಳೆದುಕೊಂಡು ಹೋದರು.

"ಇದೂ ಆಗಲ್ಲ ಬಿಡಿ ಅಂಕಲ್, ಇಲ್ಲೂ ಸಪಾಟಿದೆ" ಎಂದೆ, ಲಿಫ್ಟಿನ ಹತ್ತಿರ.

ಅವರು ಹಿಂದೆ ತಿರುಗಿ ಆ ದಾರಿಯನ್ನು ನೋಡಿದರು.

"ಇರಲಿ ಬಿಡು ತಂಗಿ. ಎಲ್ಲಾ ಇಳಿಜಾರs ಇದ್ರ ನನ್ನ ಕೆಲಸರ ಏನೈತಿ?"

ಆ ವರ್ಷದ ಕೊನೆಗೆ ಮಗಳು ಬಂದಳು. ಅಂಕಲ್ ಕೇಳಲು ಹೋಗಿ, ನನ್ನ ಕಡೆ ನೋಡಿದರು. ನಾನೇ ಹೇಳಿದೆ: ನಿಮ್ಮಪ್ಪ ನಿನಗಾಗಿ ಸ್ನೋಬೋರ್ಡ್ ಹಾಕಿಕೊಂಡು ಮಕ್ಕಳ ಇಳಿಜಾರಿನಲ್ಲಿ ಬಿದ್ದು ಒದ್ದಾಡಿದ್ದಾರೆ. ಅವಳು ನಂಬಲಿಲ್ಲ. ಫೋನಿನಲ್ಲಿದ್ದ ಫೋಟೋ ತೋರಿಸಿದೆ. ನಕ್ಕಳು, ಆಮೇಲೆ ನಗು ನಿಲ್ಲಿಸಿ ಫೋನನ್ನು ತುಂಬಾ ಹೊತ್ತು ಕೈಯಲ್ಲೇ ಇಟ್ಟುಕೊಂಡಳು. "ವೆನ್ ಡು ವಿ ಲೀವ್?" ಎಂದು ಕೇಳಿದಳು.

ಅಪ್ಪ ಗುಪ್ಪೆಗಳ ಕಡೆಯಿಂದ, ಮಗಳು ಕೊರಕಲಿನ ಕಡೆಯಿಂದ ಇಳಿದರು. ಕೆಳಗೆ ಅಂಕಲ್ ಮೊದಲು ಬಂದು ಸಪಾಟಿನ ಬಾಯಲ್ಲಿ ನಿಂತರು. ಅವಳು ಬಂದಳು, ಸಪಾಟಿಗೆ ತಲುಪುವಾಗ ವೇಗ ಕಳೆದುಕೊಂಡು ನಿಂತಳು. ಅವರು ಕೋಲು ಚಾಚಿದರು. ಅವಳು ಹಿಡಿದುಕೊಂಡಳು. ದಿನವಿಡೀ ಹೀಗೇ... ಅಂಕಲ್ ಉಸಿರು ಬಿಡುತ್ತಾ ಎಳೆಯುತ್ತಿದ್ದರು, ಅವಳು ಹಿಂದೆ ಇಂಗ್ಲಿಷಿನಲ್ಲಿ ಏನೋ ಹರಟುತ್ತಾ ಬರುತ್ತಿದ್ದಳು. ಅವರಷ್ಟು ಸಂತೋಷವಾಗಿದ್ದ ಇನ್ನೊಬ್ಬ ಮನುಷ್ಯನನ್ನು ನಾನು ಈ ದೇಶದಲ್ಲಿ ಕಂಡಿಲ್ಲ. ಮುಂದಿನ ಚಳಿಗಾಲಗಳಲ್ಲೂ ಹೋದರು. ಅಷ್ಟರಲ್ಲಿ ನನಗೆ ಇಲಿನಾಯ್‌ಗೆ ಕೆಲಸ ಬದಲಾಗಿ ನಾನು ಇತ್ತ ಬಂದೆ. ಹೋದ ವಸಂತದಲ್ಲಿ ಆಂಟಿಯಿಂದ ಫೋನು ಬಂತು. ಅಂಕಲ್‌ಗೆ ಹೃದಯಾಘಾತ, ಒಂದೇ ದಿನದಲ್ಲಿ ಮುಗಿದುಹೋಯಿತು.

ಮೇಣದ ವಾಸನೆಯ ಆ ಗರಾಜಿನ ಮುಂದಿನಿಂದ ಮನೆಗೆ ಬಂದವಳೇ ಅಂಕಲ್ ಮಗಳಿಗೆ ಫೋನ್ ಮಾಡಿದೆ. ಈ ಶನಿವಾರ ಅವಳೇ ಬಂದು ನನ್ನನ್ನು ಕರೆದುಕೊಂಡು ಡ್ರೈವ್ ಮಾಡಿದಳು, ಅದೇ ಬೆಟ್ಟಕ್ಕೆ. ನಾವಿಬ್ಬರೂ ಹಲಗೆಯವರು, ಕೋಲು ಯಾರ ಬಳಿಯೂ ಇರಲಿಲ್ಲ. ನಾನು ಸಪಾಟಿನ ಬಾಯಲ್ಲಿ ಎಂದಿನಂತೆ ಸಿಕ್ಕಿಕೊಂಡೆ. ಅವಳು ಮೇಲಿನಿಂದ ನೇರವಾಗಿ, ಒಂದು ಚೂರೂ ತಡೆಯದೆ ಬಂದಳು. ನನ್ನ ಪಕ್ಕದಿಂದ ಹಾದು, ಇಡೀ ಸಪಾಟನ್ನು ದಾಟಿ, ಲಿಫ್ಟಿನ ಬುಡಕ್ಕೆ ಹೋಗಿ ನಿಂತಳು.

ನಾನು ಒಂದು ಕಾಲು ಬಿಚ್ಚಿಕೊಂಡು, ಕುಂಟುತ್ತಾ ಅವಳ ಹತ್ತಿರ ಹೋದೆ. ನೀನು ಇಲ್ಲಿ ಯಾವಾಗಲೂ ನಿಂತುಬಿಡುತ್ತಿದ್ದೆಯಲ್ಲ ಎಂದು ಕೇಳಿದೆ.

"ನೋ" ಎಂದಳು. ಮೇಲೆ ಪೈನ್ ಮರಗಳ ಕಡೆ ಕೈ ತೋರಿಸಿದಳು. "ಐ ಯೂಸ್ಡ್ ಟು ಹಿಟ್ ದ ಬ್ರೇಕ್ಸ್ ದೇರ್. ಅಬ್ಬಾ ವಾಸ್ ವೇಟಿಂಗ್."

ಆಗ ಅಳು ಬಂತು ನನಗೆ. ಅವರು ಹೋದ ಸುದ್ದಿ ಕೇಳಿದ ದಿನವೂ ಅಷ್ಟು ಅತ್ತಿರಲಿಲ್ಲ. ಬೀದಿಯಲ್ಲಿ ನಿಂತ ಕಾರಿನ ಪ್ಯಾಡ್ ಸವೆದದ್ದನ್ನು ಮನೆಯೊಳಗೆ ಕೂತು ಹೇಳುತ್ತಿದ್ದ ಮನುಷ್ಯ. ಮಗಳು ಬೇಕೆಂದೇ ಬ್ರೇಕ್ ಹಾಕುವುದು, ಹಲಗೆಯ ಅಂಚು ಹಿಮವನ್ನು ಕೆರೆಯುವುದು ಅವರಿಗೆ ಕೇಳಿಸದೇ ಇದ್ದೀತೇ? ಕೇಳಿಸಿಕೊಂಡೇ ಕೋಲು ಚಾಚುತ್ತಿದ್ದರು.