ನೆಗಡಿ ಬಂದ ದಿನ ಇಳಿಯಬಾರದಿತ್ತು

"ಅಯ್ಯೋ, ಆ ಕಡೆ ಕೂರಬೇಡಿ. ಇವರು ಎಡಗಿವೀನ ಸಮುದ್ರಕ್ಕೆ ಕೊಟ್ಟು ಎಷ್ಟೋ ವರ್ಷ ಆಯ್ತು. ಈ ಕಡೆ ಬನ್ನಿ, ಬಲಗಿವಿ ಚೆನ್ನಾಗೇ ಇದೆ," ಎನ್ನುತ್ತಾರೆ ಹೆಂಡತಿ, ಸಂದರ್ಶನಕ್ಕೆ ಬಂದ ನಮಗೆ, ಸಿಲಿಂಡರಿಗೆ ಗಾಳಿ ತುಂಬುವ ಯಂತ್ರದ ಪಕ್ಕದಿಂದಲೇ ಕೂಗಿ.

ಗಂಡ ನಗುತ್ತಾರೆ. ಕೇಳಿಸಿ ನಕ್ಕರೋ, ಹೆಂಡತಿಯ ಮುಖ ನೋಡಿ ನಕ್ಕರೋ ಹೇಳುವುದು ಕಷ್ಟ.

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬಂದರಿನ ಕಟ್ಟೆಯ ಮೇಲೆ ಹಳೆಯ ಟೈರೊಂದನ್ನು ಹಾಕಿಕೊಂಡು ಕೂತಿರುವ ಇವರನ್ನು ಎಲ್ಲರೂ ಕರೆಯುವುದು ಮುಳುಗಣ್ಣ ಎಂದೇ. ಹೆತ್ತವರಿಟ್ಟ ಹೆಸರು ಬೇರೆ ಇದೆ. ಅದು ಆಸ್ಪತ್ರೆಯ ಚೀಟಿಗೆ ಮಾತ್ರ ಬೇಕಾಗುತ್ತದಂತೆ. ಹಡಗಿನ ತಳಕ್ಕೆ ಅಂಟಿದ ಚಿಪ್ಪು ಕೆರೆಯುವುದು, ಕೆಸರಿನಲ್ಲಿ ಹೂತ ಲಂಗರು ಹುಡುಕುವುದು, ಹಡಗು ನೂಕುವ ಪಂಖಕ್ಕೆ ಸುತ್ತಿಕೊಂಡ ಬಲೆ ಕತ್ತರಿಸುವುದು ಇವರ ಕಸುಬು. ಹೊರಡುವ ಹಡಗಿಗೆ ಕೈಬೀಸುವ ಜನರಿಗೆ, ಅದರ ಹೊಟ್ಟೆಯಡಿ ನಿನ್ನೆ ಇಡೀ ದಿನ ಒಬ್ಬ ಮನುಷ್ಯ ತಡಕಾಡುತ್ತಿದ್ದ ಎನ್ನುವುದು ಗೊತ್ತಾಗುವುದಾದರೂ ಹೇಗೆ?

ಈಗ ಇವರು ಇಳಿಯುವುದಿಲ್ಲ. ಸೊಂಟ ಬಿಡುವುದಿಲ್ಲ. "ಮೂಳೆ ಒಳಗೇ ಸತ್ತಿದೆ ಅಂದ್ರು ಡಾಕ್ಟ್ರು. ಆಳದಿಂದ ಬರುವಾಗ ಅರ್ಧ ದಾರೀಲಿ ನಿಂತು ನಿಂತು ಬರಬೇಕು, ಇಲ್ದಿದ್ರೆ ರಕ್ತದಲ್ಲಿ ಗಾಳಿಗುಳ್ಳೆ ಏಳುತ್ತೆ. ನಿಲ್ಲೋಕೆ ಪುರುಸೊತ್ತೆಲ್ಲಿತ್ತು? ಮೇಲೆ ಇನ್ನೊಬ್ಬ ಕರೀತಿರ್ತಾನೆ, 'ಏನಯ್ಯಾ, ಅಲ್ಲೇ ಸಂಸಾರ ಹೂಡಿದ್ಯಾ' ಅಂತ."

ಇಳಿಯುವವಳು ಮಗಳು. ಇವರು ಅವಳ ಸೊಂಟಕ್ಕೆ ಕಟ್ಟಿದ ಹಗ್ಗದ ಈ ತುದಿ ಹಿಡಿದು ಕೂರುತ್ತಾರೆ. ಒಂದು ಎಳೆತ ಅಂದರೆ ಕ್ಷೇಮ. ನಾಲ್ಕು ಎಳೆತ ಅಂದರೆ ಮೇಲೆ ಬಾ. ಅಪ್ಪ ಮಗಳ ನಡುವೆ ದಿನದ ಹೆಚ್ಚಿನ ಮಾತುಕತೆ ಇಷ್ಟೇ.

ಹಿಂದಕ್ಕೆ ಹೋಗುವುದಾದರೆ ಏನು ಬದಲಾಯಿಸುತ್ತೀರಿ ಎಂದು ಕೇಳಿದರೆ ಉತ್ತರ ಹೆಂಡತಿಯಿಂದ ಬರುತ್ತದೆ. "ನನ್ನನ್ನೇ ಬದಲಾಯಿಸ್ತಾರೆ, ಬರ್ಕೊಳ್ಳಿ!"

ಮುಳುಗಣ್ಣ ನಗುವುದಿಲ್ಲ. ಹಗ್ಗದ ಸಿಕ್ಕು ಬಿಡಿಸುತ್ತಾರೆ.

"ನೆಗಡಿ ಬಂದ ದಿನ ಮನೇಲಿ ಮಲಗಿರ್ತಿದ್ದೆ. ಅಷ್ಟೇ. ಇಳೀತಾ ಇಳೀತಾ ಕಿವಿ ಬಿಗಿಯುತ್ತೆ, ಮೂಗು ಹಿಡಿದು ಊದಿದ್ರೆ ಬಿಡುತ್ತೆ. ನೆಗಡಿ ಇದ್ರೆ ಬಿಡಲ್ಲ. ಅದಕ್ಕೆ ನಾವೆಲ್ಲ ಮಾತ್ರೆ ನುಂಗಿ ಇಳೀತಿದ್ವಿ. ಮಾತ್ರೆ ಹಿಡಿದಿರೋ ತನಕ ರಾಜ. ಕೆಳಗಿದ್ದಾಗ ಅದರ ಕಸುವು ಮುಗೀತು ಅನ್ನಿ, ಮೇಲೆ ಬರೋದೇ ಕಷ್ಟ. ಕಿವಿಯೊಳಗಿನ ಗಾಳಿ ಹಿಗ್ಗುತ್ತೆ, ಹೊರಗೆ ಹೋಗೋಕೆ ದಾರಿ ಇಲ್ಲ. ನಾನು ಹಾಗೇ ಬಂದೆ. ಮಾಸ್ಕ್ ತುಂಬ ರಕ್ತ. ಎಡಗಿವೀಲಿ ಆವತ್ತು ಶುರುವಾದ ಗುಂಯ್ ಅನ್ನೋ ಸದ್ದು ಇವತ್ತಿಗೂ ನಿಂತಿಲ್ಲ."

ಅಷ್ಟರಲ್ಲಿ ಟಗ್ ದೋಣಿಯ ಕ್ಯಾಪ್ಟನ್ ಓಡಿ ಬರುತ್ತಾನೆ. ಅದರ ಪಂಖಕ್ಕೆ ದಪ್ಪ ಹಗ್ಗ ಸುತ್ತಿದೆ. ಅದು ಬಂದರಿನೊಳಗೆ ಎಳೆದು ತರಬೇಕಾದ ಹಡಗು ಹೊರಗೆ ಕಾಯುತ್ತಿದೆ. ಮಗಳು ಸಿಲಿಂಡರ್ ಬೆನ್ನಿಗೇರಿಸಿ, ಮಾತಿಲ್ಲದೆ ಹೆಬ್ಬೆರಳು ತೋರಿಸಿ ಇಳಿಯುತ್ತಾಳೆ.

ಮುಳುಗಣ್ಣನ ಬೆರಳುಗಳ ನಡುವೆ ಹಗ್ಗ ಜಾರುತ್ತದೆ. ನಿಲ್ಲುತ್ತದೆ. ಒಂದು ಮೊಳ ಸಡಿಲಾಗಿ ಮೇಲೆ ಬರುತ್ತದೆ. ಮತ್ತೆ ಜಾರುತ್ತದೆ, ಮತ್ತೆ ನಿಲ್ಲುತ್ತದೆ, ಮತ್ತೆ ಸಡಿಲ. ಅವರ ಮುಖ ಬಿಳಿಚಿಕೊಳ್ಳುತ್ತದೆ.

"ಕಿವಿ ಬಿಡ್ತಿಲ್ಲ ಇವಳಿಗೆ," ಎಂದವರೇ ನಾಲ್ಕು ಸಲ ಎಳೆಯುತ್ತಾರೆ. ಉತ್ತರವಿಲ್ಲ. ಮತ್ತೆ ನಾಲ್ಕು, ಈ ಸಲ ಸೊಂಟದ ನೋವಿಗೆ ಹಲ್ಲು ಕಚ್ಚಿ.

ಮಗಳು ಮೇಲೆ ಬಂದು ಮೆಟ್ಟಿಲು ಹಿಡಿಯುತ್ತಾಳೆ. ಮೂಗಿನಡಿ ಸಣ್ಣ ಕೆಂಪು ಗೆರೆ.

"ಮಾತ್ರೆ ತಗೊಂಡಿದ್ದೆ, ಅಪ್ಪಾ. ಇನ್ನೊಂಚೂರು ಊದಿದ್ರೆ ಬಿಡ್ತಿತ್ತು."

"ಬಿಡ್ತಿರ್ಲಿಲ್ಲ. ಬಿಚ್ಚು ಎಲ್ಲಾ."

"ಹಡಗು ಕಾಯ್ತಿದೆ ಮಾರಾಯಾ!" ಕ್ಯಾಪ್ಟನ್ ಚೀರುತ್ತಾನೆ. "ಆ ಕಡೆ ಕಟ್ಟೆಯವರನ್ನ ಕರೀತೀನಿ. ಇವತ್ತಲ್ಲ, ಇನ್ಮೇಲೆ ಅವರನ್ನೇ ಕರೀತೀನಿ."

"ಕರೀರಿ," ಎನ್ನುತ್ತಾರೆ ಮುಳುಗಣ್ಣ. ಟಗ್‌ನವರ ಕೆಲಸವೆಂದರೆ ಈ ಮನೆಯ ಅರ್ಧ ಅನ್ನ. ಅದು ಹೋಗುವುದನ್ನು ಮೂವರೂ ನೋಡುತ್ತ ನಿಲ್ಲುತ್ತಾರೆ.

ಹೆಂಡತಿ ಮಗಳ ಮುಖ ಒರೆಸುತ್ತ ಗಂಡನ ಮೇಲೆ ಹರಿಹಾಯುತ್ತಾರೆ. "ರಾತ್ರಿಯೆಲ್ಲ ಸೀನ್ತಿದ್ಲಲ್ರೀ! ನಾನು ಕೇಳಿದ್ರೆ ಧೂಳು ಅಂದ್ಲು. ನೀವು ಸುಮ್ನಿದ್ರಿ ಅಂತ ನಾನೂ ಸುಮ್ನಾದೆ. ಪಕ್ಕದ ಕೋಣೆ, ಮಧ್ಯೆ ಒಂದು ಹಲಗೆ ಗೋಡೆ. ನಿಮ್ಗೆ ಕೇಳಿಸ್ಲಿಲ್ವಾ?"

ಮುಳುಗಣ್ಣ ಅವರ ತುಟಿಗಳನ್ನೇ ನೋಡುತ್ತಿದ್ದಾರೆ.

"ಇಲ್ಲ."

"ಬಲಗಿವಿ ಚೆನ್ನಾಗಿದೆಯಲ್ಲ?"

"ಇತ್ತು. ಹೋದ ವರ್ಷದಿಂದ ಅದೂ ಇಲ್ಲ. ನಿನ್ನ ಮುಖ ನೋಡಿ ಉತ್ತರ ಕೊಡ್ತಿದ್ದೆ."

ಹೆಂಡತಿ ಒರೆಸುವುದನ್ನು ನಿಲ್ಲಿಸುತ್ತಾರೆ. ಮಗಳು ಬೆನ್ನಿನಿಂದ ಇಳಿಸುತ್ತಿದ್ದ ಸಿಲಿಂಡರನ್ನು ಹಾಗೇ ಹಿಡಿದು ನಿಂತಿದ್ದಾಳೆ.

"ಹಗ್ಗ ಹಿಡಿಯೋಕೆ ಕಿವಿ ಬೇಡ ಕಣೇ," ಎನ್ನುತ್ತಾರೆ ಅವರು. "ಆ ಕೆಲ್ಸ ಒಂದಾದ್ರೂ ನನಗಿರ್ಲಿ ಅಂತ ಹೇಳ್ಲಿಲ್ಲ."



ಕ್ಯಾಪ್ಟನ್ ಕರೆಸಿದ, ಆ ಕಡೆ ಕಟ್ಟೆಯ ಮುಳುಗುವವನು ಒಬ್ಬನೇ ಬಂದಿದ್ದಾನೆ, ಜೊತೆಗೆ ಹಗ್ಗ ಹಿಡಿಯುವವರಿಲ್ಲ. ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಕ್ಯಾಪ್ಟನ್ ಕಡೆ ನೋಡುತ್ತಾನೆ. ಕ್ಯಾಪ್ಟನ್ ಬೇರೆಲ್ಲೋ ನೋಡುತ್ತಾನೆ. ಮುಳುಗಣ್ಣ ಟೈರಿನ ಮೇಲೆ ಕೂತಲ್ಲಿಂದಲೇ ಕೈ ಚಾಚುತ್ತಾರೆ. ಹಗ್ಗದ ತುದಿ ಅವರ ಅಂಗೈಗೆ ಬೀಳುತ್ತದೆ, ನೀರು ಮುಚ್ಚಿಕೊಳ್ಳುತ್ತದೆ. ಇವನಿಗೆ ಕಿವಿ ಬಿಡುತ್ತಿದೆ. ಎಲ್ಲೂ ನಿಲ್ಲದೆ, ಎಲ್ಲೂ ಸಡಿಲಾಗದೆ, ಹಗ್ಗ ಕೆಳಗೆ ಇಳಿಯುತ್ತಲೇ ಹೋಗುತ್ತದೆ.