ಅ ಆ ಬಿಟ್ಟ ಮೇಡಂ

ನಾಗಸಂದ್ರದ ಪ್ಲೈವುಡ್ ಅಂಗಡಿ ದಾಟುವಾಗ ಮರದ ಹೊಟ್ಟಿನ ವಾಸನೆ ಮೂಗಿಗೆ ಬಡಿದು, ಲಗ್ಗೆರೆಯ ನಮ್ಮ ಒಂದೇ ಕೋಣೆಯ ಮನೆ ಕಣ್ಣಮುಂದೆ ಬಂತು. ಅಪ್ಪ ಪೀಣ್ಯದ ಯಂತ್ರಗಳಿಗೆ ಮರದ ಪೆಟ್ಟಿಗೆ ಮಾಡುತ್ತಿದ್ದರು. ಅಳತೆಪಟ್ಟಿಯನ್ನೂ ಎರಡು ಸಲ ನೋಡದೆ ನಂಬಿದವರಲ್ಲ.

ಒಂದನೇ ಕ್ಲಾಸಿನ ತಂಗಿ ಒಂದು ಸಂಜೆ "ರ ಗ ಸ ದ ಅ" ಎಂದು ರಾಗ ತೆಗೆದಳು. ಸರ್ಕಾರಿ ಶಾಲೆಯ ಹೊಸ ಮೇಡಂ ಹಾಗೇ ಕಲಿಸುತ್ತಾರಂತೆ. ಸ್ವರ ಬಿಟ್ಟು ರ. ಅ ಆ ಇ ಈ ತಿದ್ದಿ ಹೈಸ್ಕೂಲು ಸೇರಿದ್ದ ನನಗೂ ಅದು ಅಪಸ್ವರ.

"ಅ ಕೊನೇಲಿ ಬರ್ತದಾ? ಆಯಮ್ಮಂಗೇ ಅಕ್ಷರ ಬರ್ತದೋ ಇಲ್ವೋ. ನಾಳೇನೇ ಟಿ.ಸಿ. ಇಸ್ಕೊಂಡು ಕಾನ್ವೆಂಟಿಗೆ ಹಾಕ್ತೀನಿ," ಎಂದರು ಅಪ್ಪ.

"ನಂಗೆ ಓದಕ್ಕೆ ಬರ್ತದಪ್ಪ," ತಂಗಿ ಅಳತೊಡಗಿದಳು.

ಅಪ್ಪ ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಒಂದು ಪದ ಬರೆದರು.

"ಗ, ರ, ಗ, ಸ. ಗರಗಸ."

"ನನ್ ಕೈಲಿರೋದು ನೋಡಿ ಹೇಳ್ದೆ, ಕಳ್ಳಿ." ಗರಗಸವನ್ನು ಮಂಚದ ಕೆಳಗೆ ತಳ್ಳಿ ಇನ್ನೊಂದು ಪದ ಬರೆದರು.

"ಅರಸ."

ಅಪ್ಪ ಕೋಣೆಯ ಸುತ್ತ ಕಣ್ಣಾಡಿಸಿದರು. ನೋಡಿ ಹೇಳಲು ಅಲ್ಲಿ ಅರಸರು ಯಾರೂ ಇರಲಿಲ್ಲ. ಟಿ.ಸಿ. ಮಾತು ಅಲ್ಲಿಗೇ ನಿಂತಿತು.

ಅನುಮಾನ ಮಾತ್ರ ನಿಂತಿಲ್ಲ. ಈಗ ತಂಗಿಯ ಮಗಳೇ ಹೈಸ್ಕೂಲು. ಆದರೂ ತಂಗಿ ಮನೆಗೆ ಬಂದಾಗಲೆಲ್ಲ ಅಪ್ಪ ಮೆಲ್ಲಗೆ ಕೇಳುತ್ತಾರೆ: "ಅ ಆದ್ಮೇಲೆ ಯಾವ್ದಮ್ಮ?"